ಸೀನಿಯರ್ ಲಿವಿಂಗ್‌ಗೆ ಹೋದ ಹಿರಿಯರು ಒಂಟಿಯಾಗದಿರಲು: ಜಾಗ ನೋಡುವುದರಿಂದ ಮೊದಲ 90 ದಿನದವರೆಗೆ

ಹಿರಿಯರ ವಸತಿ ಸಮುಚ್ಚಯದ ಜಾಹೀರಾತು ಬಿಡಿಸಿದರೆ ಈಜುಕೊಳ, ಯೋಗ ಹಾಲ್, ಲೈಬ್ರರಿ, ಕರೆದಾಗ ಬರುವ ನರ್ಸ್ ಎಲ್ಲ ಕಾಣುತ್ತವೆ. ಅಲ್ಲಿಗೆ ಹೋದವರ ಒಂಟಿತನ ಕಳೆಯುವುದು ಮಾತ್ರ ಹೆಚ್ಚಾಗಿ ಊಟದ ಮೇಜಿನಲ್ಲಿ, ಸಂಜೆ ಕಾಫಿ ಕುಡಿಯುವ ಕಟ್ಟೆಯಲ್ಲಿ. ಅದರ ಫೋಟೊ ಯಾರೂ ಹಾಕುವುದಿಲ್ಲ.

ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಎಂದು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ್ದರು. ಮುಖಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಗೆಳೆಯರು ಅನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕೂ ಹೆಚ್ಚು. ಅವರು ನೋಡಿದ್ದು ಹೊಸ ಊರಿಗೆ ಬಂದವರನ್ನು ಮತ್ತು ಕಾಲೇಜಿನ ಹುಡುಗರನ್ನು, ಎಪ್ಪತ್ತೈದು ದಾಟಿದವರನ್ನಲ್ಲ. ಆದರೂ ಅಂದಾಜಿಗೆ ಸಾಕು. ದಿನಕ್ಕೊಂದು ಗಂಟೆ ಅದೇ ನಾಲ್ಕು ಜನರ ಜೊತೆ ಕೂತರೆ ಎರಡು ತಿಂಗಳೊಳಗೆ 50 ಗಂಟೆ ತುಂಬುತ್ತದೆ. ತಿಂಗಳಿಗೊಮ್ಮೆ ನಡೆಯುವ ಎರಡು ಗಂಟೆಯ ಸಂಗೀತ ಸಂಜೆಯಲ್ಲಿ ಅರವತ್ತು ಜನರ ಮಧ್ಯೆ ಕೂತರೆ ಅದಕ್ಕೆ ಎರಡು ವರ್ಷದ ಮೇಲೆ ಬೇಕು, ಅದೂ ಪಕ್ಕದ ಕುರ್ಚಿಯಲ್ಲಿ ಪ್ರತಿ ಸಲ ಅವರೇ ಇದ್ದರೆ. ಮುಂದೆ ಹೇಳುವುದೆಲ್ಲ ಈ ಗಂಟೆಗಳು ಸೋರಿಹೋಗದಂತೆ ನೋಡಿಕೊಳ್ಳುವ ಕೆಲಸ.

ಮೊದಲು, ತೊಂದರೆ ಒಂಟಿತನವೇ ಹೌದಾ?

ಅಪ್ಪ ಮಾತು ಕಡಿಮೆ ಮಾಡಿದ್ದಾರೆ, ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎಂದರೆ ತಕ್ಷಣ ಜಾಗ ಹುಡುಕಲು ಹೊರಡಬೇಡಿ. ಮೂರು ಪ್ರಶ್ನೆ ಕೇಳಿ: ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದಾ? ನಿಮ್ಮನ್ನು ಹೊರಗಿಟ್ಟ ಹಾಗೆ ಅನ್ನಿಸುತ್ತದಾ? ಎಲ್ಲರಿಂದ ದೂರವಾದ ಹಾಗೆ ಅನ್ನಿಸುತ್ತದಾ? ‘ಅಪರೂಪಕ್ಕೆ’ ಎಂದರೆ 1, ‘ಆಗೀಗ’ ಎಂದರೆ 2, ‘ಬಹಳ ಸಲ’ ಎಂದರೆ 3. ಮೂರನ್ನೂ ಕೂಡಿದಾಗ 6 ಅಥವಾ ಹೆಚ್ಚು ಬಂದರೆ ಒಂಟಿತನವಿದೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಒಂಟಿತನದ ಅಳತೆಗೋಲಿನ ಚಿಕ್ಕ ರೂಪ ಇದು. ವಿದೇಶದಿಂದ ಮಗ ಫೋನಿನಲ್ಲಿ ಕೇಳಿದರೆ ‘ನಮಗೇನಪ್ಪ, ಚೆನ್ನಾಗಿದ್ದೀವಿ’ ಎಂಬ ಉತ್ತರವೇ ಬರುತ್ತದೆ. ಆಗಾಗ ಮನೆಗೆ ಬಂದುಹೋಗುವ ಸೊಸೆಯೋ ತಂಗಿಯ ಮಗಳೋ ಪಕ್ಕದಲ್ಲಿ ಕೂತು ಕೇಳಲಿ.

ಆಮೇಲೆ ಕಿವಿ. ಕೇಳಿಸದವರು ಗುಂಪಿನಿಂದ ಮೊದಲು ಜಾರಿಕೊಳ್ಳುತ್ತಾರೆ. ಒಬ್ಬರ ಜೊತೆ ಮಾತು ಸಾಗುತ್ತದೆ, ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಏನೂ ತಿಳಿಯುವುದಿಲ್ಲ. ಮೂರು ಸಲ ‘ಆಂ?’ ಎಂದ ಮೇಲೆ ನಾಲ್ಕನೇ ಸಲ ಸುಮ್ಮನೆ ನಗುತ್ತಾರೆ. ಇಂಥವರನ್ನು ಎಷ್ಟೇ ಒಳ್ಳೆಯ ಜಾಗಕ್ಕೆ ಕರೆದೊಯ್ದರೂ ಅಲ್ಲಿಯೂ ರೂಮು ಸೇರುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಹತ್ತಿರದ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಬಳಿಯೋ ಪರೀಕ್ಷೆ ಮಾಡಿಸಿ. ಶ್ರವಣಯಂತ್ರ ಬೇಕಾದರೆ ಸ್ಥಳ ಬದಲಿಸುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಹಾಕಿಸಿ. ಹೊಸ ಸದ್ದಿಗೆ ಒಗ್ಗಿಕೊಳ್ಳಲು ವಾರಗಳು ಬೇಕು. ಹೊಸ ಯಂತ್ರ, ಹೊಸ ಜಾಗ, ಹೊಸ ಜನ ಒಟ್ಟಿಗೆ ಬಂದರೆ ಯಂತ್ರ ಡ್ರಾಯರ್ ಸೇರುತ್ತದೆ.

ನಿದ್ದೆ, ಹಸಿವು ಕೆಟ್ಟು, ಏನೂ ಬೇಡ ಎನ್ನುವ ಮನಸ್ಸು ಎರಡು ವಾರ ಮೀರಿದ್ದರೆ ಅದು ಖಿನ್ನತೆ ಇರಬಹುದು. ಊರು ಬದಲಿಸಿದರೆ ಹೋಗುವಂಥದ್ದಲ್ಲ, ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಜಾಗ ನೋಡಲು ಯಾವಾಗ ಹೋಗಬೇಕು

ಭಾನುವಾರ ಬೆಳಿಗ್ಗೆ ಹೋಗಬೇಡಿ. ಆ ಹೊತ್ತು ಮಾರಾಟದವರಿಗೆ ಅನುಕೂಲ, ನಿಮಗಲ್ಲ. ಮೂರು ಹೊತ್ತಿನಲ್ಲಿ ನೋಡಬೇಕು: ವಾರದ ದಿನ ಮಧ್ಯಾಹ್ನ 12.30, ಇನ್ನೊಂದು ದಿನ ಸಂಜೆ 4.30, ಸಾಧ್ಯವಾದರೆ ಅದೇ ದಿನ ಕತ್ತಲಾದ ಮೇಲೆ.

ಕತ್ತಲಾದ ಮೇಲೆ ಮಾಡುವ ಕೆಲಸ ಒಂದೇ. ಹೊರಗೆ ನಿಂತು ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಎಣಿಸಿ. ‘ಎಲ್ಲ ಮಾರಾಟವಾಗಿದೆ’ ಎಂಬುದು ನಿಜವೇ ಇರಬಹುದು. ಆದರೆ ಮುಂದೆ ಬೇಕಾದೀತು ಎಂದು ಕೊಂಡು ಬೀಗ ಹಾಕಿಟ್ಟ ಮನೆಗಳು ಅರ್ಧಕ್ಕರ್ಧ ಇದ್ದರೆ, ನೂರು ಮನೆಯ ಸಮುಚ್ಚಯದಲ್ಲಿ ಜನ ವಾಸವಿರುವುದು ಐವತ್ತು ಮನೆಯಲ್ಲಷ್ಟೇ. ಅವರಲ್ಲಿ ನಿಮ್ಮಮ್ಮನ ಭಾಷೆಯವರು, ವಯಸ್ಸಿನವರು, ನಡೆದಾಡುವವರು ಎಂದು ಸೋಸಿದರೆ ಉಳಿಯುವವರು ಬೆರಳೆಣಿಕೆ.

ಭಾಷೆಯ ವಿಷಯ ಮುಜುಗರ ಬಿಟ್ಟು ಕೇಳಿ. ಬೆಂಗಳೂರಿನ ಸುತ್ತಮುತ್ತ ಇಂಥ ಕಡೆ ತಮಿಳು, ತೆಲುಗು, ಮಲಯಾಳ, ಹಿಂದಿ ಮಾತಾಡುವವರು ಬೆರೆತಿರುತ್ತಾರೆ. ಬ್ಯಾಂಕಿನಲ್ಲಿ ದುಡಿದು ನಾಲ್ಕು ಊರು ಸುತ್ತಿದ ಅಪ್ಪನಿಗೆ ಇದು ಲೆಕ್ಕಕ್ಕಿಲ್ಲ. ಹಾಸನ ಬಿಟ್ಟು ಹೊರಗೆ ಇರದ, ಕನ್ನಡವೊಂದೇ ಬಲ್ಲ ಅಮ್ಮನಿಗೆ ಇದೇ ಎಲ್ಲ. ನೋಡಿಕೊಳ್ಳುವ ಹುಡುಗಿಯರೂ ಬೇರೆ ರಾಜ್ಯದವರಾಗಿದ್ದರೆ ದಿನವಿಡೀ ಕೈಸನ್ನೆಯಲ್ಲೇ ಕಳೆಯಬೇಕಾಗುತ್ತದೆ. ಕನ್ನಡ ಮಾತಾಡುವ ನಿವಾಸಿಗಳು ಹತ್ತಾದರೂ ಇದ್ದಾರಾ, ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲ ಸಿಬ್ಬಂದಿ ಒಬ್ಬರಾದರೂ ಇರುತ್ತಾರಾ ಎಂದು ಕೇಳಿ.

ಊಟದ ಹಾಲ್‌ನಲ್ಲಿ ಅರ್ಧ ಗಂಟೆ

ಇಲ್ಲಿ ಆತುರ ಬೇಡ. ದುಡ್ಡು ಕೊಟ್ಟು ಊಟ ಮಾಡಿ, ಮೂಲೆಯಲ್ಲಿ ಕೂತು ನೋಡಿ.

ಮೇಜು ಎಷ್ಟು ಜನರದ್ದು? ನಾಲ್ಕರಿಂದ ಆರು ಜನರ ಮೇಜು ಒಳ್ಳೆಯದು, ಎಲ್ಲರ ಮುಖವೂ ಕಾಣುತ್ತದೆ, ಮಾತು ಒಂದೇ ಇರುತ್ತದೆ. ಮದುವೆ ಮನೆಯಂತೆ ಉದ್ದ ಮೇಜು ಹಾಕಿದ್ದರೆ ಅಕ್ಕಪಕ್ಕದವರ ಜೊತೆ ಬಿಟ್ಟು ಮಾತಾಗುವುದಿಲ್ಲ. ಇಬ್ಬರ ಮೇಜೇ ಹೆಚ್ಚಿದ್ದರೆ ಗಂಡ ಹೆಂಡತಿ ಜೋಡಿಗಳು ತಮ್ಮ ಪಾಡಿಗೆ ತಿಂದೇಳುತ್ತಾರೆ, ಒಬ್ಬರೇ ಬಂದವರಿಗೆ ಜಾಗವೇ ಸಿಗುವುದಿಲ್ಲ.

ಕುರ್ಚಿಗೆ ಕೈ ಇದೆಯಾ? ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲಾಗದವರು ಊಟ ರೂಮಿಗೇ ತರಿಸಿಕೊಳ್ಳತೊಡಗುತ್ತಾರೆ. ಹಾಲ್‌ನಿಂದ ಟಾಯ್ಲೆಟ್ ಎಷ್ಟು ದೂರ? ಇದನ್ನು ಕೇಳಲು ಎಲ್ಲರಿಗೂ ನಾಚಿಕೆ. ಆದರೆ ಮೂತ್ರ ತಡೆಯಲಾಗದ ಹೆದರಿಕೆಗೆ ಮನೆ ಹಿಡಿದ ಹಿರಿಯರು ಎಷ್ಟೋ ಜನ, ಯಾರಿಗೂ ಕಾರಣ ಹೇಳುವುದಿಲ್ಲ. ಅಂಥವರಿಗೆ ನಡೆದು ಒಂದು ನಿಮಿಷದೊಳಗೆ ಟಾಯ್ಲೆಟ್ ಸಿಗಬೇಕು.

ಸದ್ದು ಹೇಗಿದೆ? ಟೈಲ್ಸ್ ನೆಲ, ಬರಿಗೋಡೆ, ಸ್ಟೀಲ್ ತಟ್ಟೆ, ಮೇಲೊಂದು ಟಿವಿ ಇದ್ದರೆ ಒಳ್ಳೆಯ ಕಿವಿಯವರಿಗೇ ಕಷ್ಟ. ಶ್ರವಣಯಂತ್ರ ಹಾಕಿದವರಿಗೆ ತಟ್ಟೆಯ ಸದ್ದೇ ಜೋರಾಗಿ ಕೇಳುತ್ತದೆ. ಪರದೆ, ಮೇಜಿನ ಬಟ್ಟೆ ಇದ್ದು, ಊಟದ ಹೊತ್ತಿಗೆ ಟಿವಿ ಆರಿಸುವ ರೂಢಿಯಿದ್ದರೆ ಆ ಜಾಗದ ವ್ಯವಸ್ಥಾಪಕರಿಗೆ ಕೆಲಸ ಗೊತ್ತಿದೆ ಎಂದರ್ಥ. ಕಿವಿ ಮಂದ ಇರುವವರು ಗೋಡೆಗೆ ಬೆನ್ನು ಹಾಕಿ ಕೂತರೆ ಹಿಂದಿನ ಗದ್ದಲ ತಪ್ಪುತ್ತದೆ.

ಈಗ ಬಾಗಿಲ ಕಡೆ ನೋಡಿ. ಅಡುಗೆಮನೆಯಿಂದ ಎಷ್ಟು ಟಿಫನ್ ಕ್ಯಾರಿಯರ್ ಮೇಲಕ್ಕೆ ಹೋಗುತ್ತಿವೆ? ಹಾಸಿಗೆ ಹಿಡಿದವರದ್ದು ಬಿಟ್ಟು ಉಳಿದವು ಹೆಚ್ಚಿದ್ದರೆ, ಅಲ್ಲಿ ಗೆಳೆತನದ ಗಂಟೆಗಳು ದಿನಕ್ಕೆ ಮೂರು ಹೊತ್ತೂ ಸೋರುತ್ತಿವೆ. ಊಟದ ಹಣ ತಟ್ಟೆ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಕೇಳಿ. ತಟ್ಟೆ ಲೆಕ್ಕವಾದರೆ ನಮ್ಮ ಹಿರಿಯರು ‘ಒಬ್ಬಳಿಗೆ ಯಾಕೆ ದಂಡ, ಒಂದಿಷ್ಟು ಅನ್ನ ಇಟ್ಕೋತೀನಿ’ ಎಂದು ರೂಮಿನಲ್ಲೇ ಕುಕ್ಕರ್ ಕೂಗಿಸುತ್ತಾರೆ. ಮಧ್ಯಾಹ್ನದ್ದಾದರೂ ತಿಂಗಳಿಗೆ ಮೊದಲೇ ಕಟ್ಟಿಬಿಟ್ಟಿದ್ದರೆ, ಕೊಟ್ಟ ದುಡ್ಡು ಹಾಳಾಗಬಾರದೆಂದಾದರೂ ಕೆಳಗಿಳಿಯುತ್ತಾರೆ.

ಕಾರ್ಯಕ್ರಮಗಳ ಪಟ್ಟಿ ಓದುವ ಬಗೆ

ನೋಟಿಸ್ ಬೋರ್ಡಿನ ಮೇಲೆ ಎಷ್ಟು ಕಾರ್ಯಕ್ರಮ ಇವೆ ಎಂಬುದನ್ನು ಬಿಟ್ಟು, ಯಾವುದು ಪ್ರತಿ ವಾರ ಅದೇ ದಿನ ಅದೇ ಹೊತ್ತಿಗೆ ಬರುತ್ತದೆ, ಯಾವುದನ್ನು ನಿವಾಸಿಗಳೇ ನಡೆಸುತ್ತಾರೆ ಎಂದು ನೋಡಿ. ಮಂಗಳವಾರ ದೇವರನಾಮ, ಗುರುವಾರ ಗಮಕ ವಾಚನ, ದಿನವೂ ಐದಕ್ಕೆ ಇಸ್ಪೀಟು, ಹೀಗೆ ನಾಲ್ಕು ಸಾಲು ಇದ್ದರೂ ಸಾಕು. ಜಾದೂ ಪ್ರದರ್ಶನ, ಫ್ಯಾನ್ಸಿ ಡ್ರೆಸ್, ಬಲೂನ್ ಆಟ ಹೆಚ್ಚಿದ್ದರೆ ಅನುಮಾನಪಡಿ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ತಲೆಗೆ ಕಾಗದದ ಟೋಪಿ ಹಾಕಿ ಚಪ್ಪಾಳೆ ತಟ್ಟಿಸಿದರೆ ಅವರು ಎರಡನೇ ಸಲ ಬರುವುದಿಲ್ಲ.

ಗುಂಪು ಚಿಕ್ಕದಾಗಿ, ಕೈಗೆ ಕೆಲಸವಿದ್ದರೆ ಹೊಸಬರು ಬೇಗ ಬೆರೆಯುತ್ತಾರೆ. ಡಿಸೆಂಬರ್-ಜನವರಿಯ ಅವರೆ ಕಾಲ ನೋಡಿ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಮೂರು ಕೆ.ಜಿ. ಸೊಗಡವರೆಕಾಯಿ ಸುರಿದು ಆರು ಜನ ಸುತ್ತ ಕೂತರೆ ಸುಲಿಯುವುದಕ್ಕೆ ಒಂದು ಸಂಜೆ. ಕಾಳನ್ನು ರಾತ್ರಿ ನೀರಿಗೆ ಹಾಕಿಟ್ಟರೆ ಮರುದಿನ ಬೆಳಿಗ್ಗೆ ಹಿದುಕುವುದಕ್ಕೆ ಇನ್ನೊಂದು ಗಂಟೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಎದುರಿನವರ ಮಡಿಲಿಗೆ ಬೀಳುತ್ತದೆ, ಅಲ್ಲಿಗೆ ಮಾತು ಶುರು. ಕಣ್ಣು ಕಾಳಿನ ಮೇಲಿರುವುದರಿಂದ ಮುಖ ನೋಡಿ ಮಾತಾಡುವ ಸಂಕೋಚವಿಲ್ಲ, ಸುಮ್ಮನಿದ್ದರೂ ಬಿಗುವಿಲ್ಲ. ಬೆರಳ ಗಂಟು ನೋಯುವವರಿಗೆ ಹುಳುಕು ಆರಿಸುವ ಕೆಲಸ ಕೊಡಿ. ಮಧ್ಯಾಹ್ನದ ಸಾರಿಗೆ ಅದೇ ಬೇಳೆ ಬಿದ್ದರೆ ಊಟದ ಮೇಜಿನಲ್ಲೂ ಅದೇ ಮಾತು ಮುಂದುವರಿಯುತ್ತದೆ. ಉಳಿದ ಕಾಲದಲ್ಲಿ ಹೂಬತ್ತಿ ಮಾಡುವುದು, ಹೂ ಕಟ್ಟುವುದು, ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುವುದು, ದಸರೆಗೆ ಗೊಂಬೆ ಜೋಡಿಸುವುದು ಇದೇ ಕೆಲಸ ಮಾಡುತ್ತವೆ. ಇದನ್ನೆಲ್ಲ ಅಡುಗೆಮನೆಯವರು ಒಪ್ಪುತ್ತಾರಾ ಎಂದು ಕೇಳಿ. ‘ಹೊರಗಿನವರು ಮುಟ್ಟುವ ಹಾಗಿಲ್ಲ’ ಎಂಬ ಉತ್ತರ ಬಂದರೆ ಅದು ಹೋಟೆಲು.

ಕರಾರಿನಲ್ಲಿ ಬರೆಸಿಕೊಳ್ಳಬೇಕಾದ್ದು

ಕೊಳ್ಳುವುದು, ಠೇವಣಿ ಇಟ್ಟು ಲೀಸ್ ಪಡೆಯುವುದು, ತಿಂಗಳ ಬಾಡಿಗೆ ಎಂದು ಮೂರು ಬಗೆ ಇವೆ. ಹಣದ ಕಡೆಯನ್ನು ವಕೀಲರಿಗೆ ತೋರಿಸಿ. ನಿವೃತ್ತರ ವಸತಿಗಳ ಬಗ್ಗೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಕರಾರನ್ನು ಅದರ ಪಕ್ಕಕ್ಕಿಟ್ಟು ಓದಬೇಕು. ಒಂಟಿತನಕ್ಕೆ ನೇರ ಸಂಬಂಧಪಟ್ಟವು ನಾಲ್ಕು:

- ಮುಂದೆ ಕೈಕಾಲು ಸೋತರೆ ಅದೇ ಆವರಣದಲ್ಲಿ ನೋಡಿಕೊಳ್ಳುತ್ತಾರಾ, ಬೇರೆ ಕಡೆ ಕಳಿಸುತ್ತಾರಾ? ಬೇರೆ ಕಡೆ ಎಂದರೆ ಕಟ್ಟಿಕೊಂಡ ಬಳಗವನ್ನೆಲ್ಲ ಬಿಟ್ಟು 85ನೇ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕು.
- ಗಂಡ ಹೆಂಡತಿಯರಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಅದೇ ಮನೆಯಲ್ಲಿ, ಯಾವ ದರದಲ್ಲಿ ಇರಬಹುದು?
- ಮೊಮ್ಮಕ್ಕಳು, ತಂಗಿ, ಹಳೆಯ ಗೆಳತಿ ಬಂದರೆ ವರ್ಷಕ್ಕೆ ಎಷ್ಟು ರಾತ್ರಿ ಉಳಿಯಬಹುದು? ಅತಿಥಿ ಕೋಣೆಯ ಬಾಡಿಗೆ ಎಷ್ಟು?
- ಪೇಟೆ, ದೇವಸ್ಥಾನ, ಬ್ಯಾಂಕಿಗೆ ಗಾಡಿ ವಾರದಲ್ಲಿ ಯಾವ ದಿನ? ‘ಬೇಕೆಂದಾಗ’ ಎನ್ನುವುದಕ್ಕಿಂತ ‘ಬುಧವಾರ ಹತ್ತಕ್ಕೆ’ ಎನ್ನುವುದು ವಾಸಿ. ಬುಧವಾರದ ಗಾಡಿಗೆ ಜೊತೆಗಾರರಿರುತ್ತಾರೆ.

ಹದಿನೈದು ದಿನ ಇದ್ದು ನೋಡುವುದು

ಹೆಚ್ಚಿನ ಕಡೆ ಕೆಲವು ದಿನ ಉಳಿದು ನೋಡುವ ಅವಕಾಶ ಕೇಳಿದರೆ ಸಿಗುತ್ತದೆ. ಎರಡು ವಾರಕ್ಕಿಂತ ಕಡಿಮೆಯಾದರೆ ಉಪಯೋಗವಿಲ್ಲ, ಮೊದಲ ವಾರ ನೆಂಟರ ಮನೆಯಲ್ಲಿದ್ದಂತೆಯೇ ಕಳೆಯುತ್ತದೆ. ಮಗ ಮಗಳು ಜೊತೆಗೆ ಉಳಿಯಬಾರದು. ಉಳಿದರೆ ಅಪ್ಪ ಅಮ್ಮ ಅವರ ಜೊತೆಗೇ ಕೂತು ಉಣ್ಣುತ್ತಾರೆ.

ರಾತ್ರಿ ಮಲಗುವ ಮುಂಚೆ ಡೈರಿಯಲ್ಲಿ ಒಂದೇ ಸಾಲು: ಇವತ್ತು ಯಾರ ಜೊತೆ ಊಟ, ಅವರದ್ದು ಯಾವ ಊರು. ಹದಿನೈದನೇ ದಿನ ಐದು ಹೆಸರು ಬರೆದಿದ್ದರೆ, ಸಿಬ್ಬಂದಿ ಬಿಟ್ಟು ಇಬ್ಬರಾದರೂ ಇವರನ್ನು ಹೆಸರು ಹಿಡಿದು ಕರೆಯುತ್ತಿದ್ದರೆ, ಜಾಗ ಒಗ್ಗುವ ಲಕ್ಷಣ. ‘ಊಟ ಚೆನ್ನಾಗಿದೆ, ಕ್ಲೀನಾಗಿದೆ’ ಎಂದಷ್ಟೇ ಇದ್ದರೆ ಇನ್ನೊಂದು ಜಾಗ ನೋಡಿ. ಏನೇ ಆದರೂ ಹಳೆಯ ಮನೆಯನ್ನು ಮೊದಲ ಆರು ತಿಂಗಳು ಮಾರಬೇಡಿ. ಹಿಂದಿರುಗುವ ದಾರಿ ಇದೆ ಎಂದು ಗೊತ್ತಿದ್ದವರು ಹೊಸ ಜಾಗದಲ್ಲಿ ಧೈರ್ಯವಾಗಿ ಬೆರೆಯುತ್ತಾರೆ.

ಮೊದಲ 90 ದಿನ

ಸಾಮಾನು ಕಟ್ಟುವಾಗ ಎರಡು ಹೆಚ್ಚುವರಿ ಕುರ್ಚಿ, ಕಾಫಿ ಫಿಲ್ಟರ್, ನಾಲ್ಕು ಲೋಟ ಮರೆಯದೆ ಇಡಿ. ಒಂದೇ ಕುರ್ಚಿಯಿರುವ ರೂಮಿಗೆ ಬಂದವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಾರೆ.

*1–2ನೇ ವಾರ.* ಮೂರೂ ಹೊತ್ತು ಹಾಲ್‌ನಲ್ಲೇ ಊಟ, ಅದೇ ಹೊತ್ತಿಗೆ, ಆದಷ್ಟೂ ಅದೇ ಮೇಜಿಗೆ. ಹೊಸಬರ ಜೊತೆ ತಿಂಗಳ ಮಟ್ಟಿಗೆ ಒಬ್ಬ ಹಳೆಯ ನಿವಾಸಿಯನ್ನು ಜೋಡಿಸಿಕೊಡಲು ವ್ಯವಸ್ಥಾಪಕರಿಗೆ ಹೇಳಿ. ಕೆಲಸ ಇಷ್ಟೇ: ಊಟಕ್ಕೆ ಹೋಗುವಾಗ ಬಾಗಿಲು ತಟ್ಟಿ ಕರೆಯುವುದು. ಜ್ವರವಿಲ್ಲದೆ ಸತತ ಮೂರು ಊಟ ರೂಮಿಗೆ ಹೋದರೆ ನಿಮಗೆ ಫೋನ್ ಮಾಡಬೇಕೆಂದೂ ಹೇಳಿಡಿ. ಒಂಟಿತನ ಶುರುವಾಗುತ್ತಿರುವ ಸುಳಿವು ಇದಕ್ಕಿಂತ ಮೊದಲು ಬೇರೆಲ್ಲೂ ಸಿಗುವುದಿಲ್ಲ.

*3–6ನೇ ವಾರ.* ನಾಲ್ಕರಿಂದ ಎಂಟು ಜನರ ಎರಡು ಗುಂಪು ಹಿಡಿಯಬೇಕು, ಎರಡೇ. ಎಲ್ಲದಕ್ಕೂ ಹೆಸರು ಕೊಟ್ಟವರು ಮೂರನೇ ವಾರಕ್ಕೆ ಸುಸ್ತಾಗಿ ಎಲ್ಲವನ್ನೂ ಬಿಡುತ್ತಾರೆ. ದಂಪತಿಗಳಾದರೆ ಇಬ್ಬರದ್ದೂ ಬೇರೆ ಬೇರೆ ಗುಂಪಿರಲಿ. ಮನೆಗೆ ಬರುವ ನಂಟು ನೇಹವನ್ನೆಲ್ಲ ಹೆಂಡತಿಯೇ ನೋಡಿಕೊಂಡು ಬಂದಿರುವ ಕಡೆ, ಆಕೆ ಹೋದ ಮೇಲೆ ಗಂಡನಿಗೆ ‘ನಮಸ್ಕಾರ’ ಹೇಳುವವರಷ್ಟೇ ಉಳಿಯುತ್ತಾರೆ. ಗಂಡಸರು ‘ಸುಮ್ಮನೆ ಬಂದು ಕೂತ್ಕೊಳಿ’ ಎಂದರೆ ಬರುವುದಿಲ್ಲ. ಕೇರಂ ಬೋರ್ಡೋ ಪದಬಂಧವೋ ನಿವಾಸಿಗಳ ಸಮಿತಿಯ ಲೆಕ್ಕಪತ್ರವೋ ನೆಪಕ್ಕೆ ಬೇಕು.

*7–12ನೇ ವಾರ.* ಒಂದು ಹೊಣೆ ತೆಗೆದುಕೊಳ್ಳಬೇಕು. ಲೈಬ್ರರಿಯ ಬೀಗದ ಕೈ, ತುಳಸಿಕಟ್ಟೆಗೆ ನೀರು, ಪತ್ರಿಕೆಯನ್ನು ಕಣ್ಣು ಮಂಜಾದವರಿಗೆ ಹತ್ತು ನಿಮಿಷ ಓದಿ ಹೇಳುವುದು, ಸಿಬ್ಬಂದಿಯ ಮಕ್ಕಳಿಗೆ ಗಣಿತ. ಫೋನ್ ಚೆನ್ನಾಗಿ ಬಳಸುವವರಿಗೆ ನವೆಂಬರ್‌ನಲ್ಲಿ ಕೈತುಂಬ ಕೆಲಸ: ಹೆಚ್ಚಿನ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡುವ ಕಾಲ, ಮೊಬೈಲಿನಲ್ಲಿ ಮುಖ ತೋರಿಸಿ ಅದನ್ನು ಕಳಿಸುವುದು ಹೇಗೆಂದು ಹತ್ತು ಜನರಿಗೆ ಬೇಕಿರುತ್ತದೆ. ಕಾರ್ಯಕ್ರಮಕ್ಕೆ ಬರದಿದ್ದವರನ್ನು ಯಾರೂ ಗಮನಿಸುವುದಿಲ್ಲ, ಬೀಗದ ಕೈ ಇಟ್ಟುಕೊಂಡವರು ಬರದಿದ್ದರೆ ಹುಡುಕಿಕೊಂಡು ಬರುತ್ತಾರೆ.

ಹೊರಗಿನ ಒಂದು ನಂಟನ್ನು ಕಡಿಯಬೇಡಿ. ಹಳೆಯ ಬಡಾವಣೆಯ ವಾಕಿಂಗ್ ಬಳಗವೋ ನಿವೃತ್ತ ನೌಕರರ ಸಭೆಯೋ, ತಿಂಗಳಿಗೊಮ್ಮೆ ಆಟೋ ಹಿಡಿದಾದರೂ ಹೋಗಲಿ.

ಮಕ್ಕಳ ಫೋನು

ದಿನಕ್ಕೆ ನಾಲ್ಕು ಸಲ ಫೋನ್ ಮಾಡುವ ಮಕ್ಕಳಿಂದಲೂ ತೊಂದರೆಯೇ. ಕರೆ ಬರುತ್ತದೆಂದು ಅಮ್ಮ ರೂಮು ಬಿಟ್ಟು ಕದಲುವುದಿಲ್ಲ. ಹೊತ್ತು ಗೊತ್ತು ಮಾಡಿ, ಊಟ ಮತ್ತು ಗುಂಪಿನ ಹೊತ್ತು ತಪ್ಪಿಸಿ. ಇಲ್ಲಿಯ ಬೆಳಿಗ್ಗೆ 8 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆ, ಬೇಸಿಗೆಯಲ್ಲಿ 7.30, ಚಳಿಗಾಲದಲ್ಲಿ 6.30. ಇಬ್ಬರಿಗೂ ಅನುಕೂಲದ ಹೊತ್ತು ಅದು. ‘ತಿಂಡಿ ಆಯ್ತಾ, ಮಾತ್ರೆ ತಗೊಂಡ್ರಾ’ ಎಂದು ಮುಗಿಸದೆ ‘ನಿನ್ನೆ ಆ ಶಿವಮೊಗ್ಗದವರು ಇಸ್ಪೀಟಿಗೆ ಬಂದಿದ್ರಾ?’ ಎಂದು ಕೇಳಿ. ಹಾಗೆ ಕೇಳಬೇಕಾದರೆ ನಿಮಗೂ ಅಲ್ಲಿಯ ನಾಲ್ಕು ಹೆಸರು ಗೊತ್ತಿರಬೇಕು. ಬಂದಾಗ ಅಪ್ಪ ಅಮ್ಮನನ್ನು ಹೋಟೆಲಿಗೆ ಕರೆದೊಯ್ಯುವ ಬದಲು ಒಂದು ಹೊತ್ತು ಅವರ ಮೇಜಿನಲ್ಲೇ ಉಣ್ಣಿ.

ಎಲ್ಲಿ ಎಡವುತ್ತದೆ

‘ಆ ಮೇಜು ಅವರದ್ದು.’ ಎರಡು ಮೂರು ವರ್ಷ ಕಳೆದ ಸಮುಚ್ಚಯಗಳಲ್ಲೆಲ್ಲ ಇದು ಇದ್ದೇ ಇರುತ್ತದೆ. ಮೊದಲು ಬಂದವರು, ಒಂದೇ ಊರಿನವರು ಕುರ್ಚಿ ಹಿಡಿದುಬಿಟ್ಟಿರುತ್ತಾರೆ. ಹೊಸಬರೊಬ್ಬರು ಕೂರಲು ಹೋದಾಗ ‘ಇಲ್ಲಿ ಬರ್ತಾರೆ’ ಎನ್ನಿಸಿಕೊಂಡರೆ ಮರುದಿನ ಟಿಫನ್ ಕ್ಯಾರಿಯರ್ ಮೇಲೆ ಹೋಗುತ್ತದೆ. ಜಗಳ ಮಾಡಿ ಬಿಡಿಸಲಾಗುವುದಿಲ್ಲ. ವಾರದಲ್ಲಿ ಒಂದು ಊಟಕ್ಕೆ ಚೀಟಿ ಎತ್ತಿ ಕೂರುವ ಪದ್ಧತಿ ತಂದರೆ ನಡೆಯುತ್ತದೆ, ಉಳಿದ ದಿನ ಅವರವರ ಜಾಗ ಅವರವರಿಗೇ ಇರಲಿ.

ವಾಟ್ಸ್ಆ್ಯಪ್ ಗುಂಪು ಇದ್ದರೆ ಎಲ್ಲ ಮಾತಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಸುಪ್ರಭಾತದ ಹೂವಿನ ಚಿತ್ರ ಎಷ್ಟು ಬಂದರೂ 50 ಗಂಟೆಗೆ ಸೇರುವುದಿಲ್ಲ.

ಒಮ್ಮೆ ಬಿದ್ದವರು ಮತ್ತೆ ಬೀಳುವ ಹೆದರಿಕೆಯಿಂದ ಒಳಗೇ ಉಳಿಯುತ್ತಾರೆ. ಫಿಸಿಯೊಥೆರಪಿಯ ಜೊತೆ, ಮೊದಲ ಹದಿನೈದು ದಿನ ಹಾಲ್‌ವರೆಗೆ ಕೈ ಹಿಡಿದು ಕರೆತರುವವರನ್ನೂ ಗೊತ್ತು ಮಾಡಬೇಕು. ಮರೆವು ಶುರುವಾದವರನ್ನು ಗುಂಪು ಮೆಲ್ಲಗೆ ಬಿಟ್ಟುಬಿಡುತ್ತದೆ, ಇಸ್ಪೀಟಿನಲ್ಲಿ ಎಲೆ ತಪ್ಪಿದರೆ ಸಿಡುಕುತ್ತಾರೆ. ಅವರಿಗೆ ಭಜನೆ, ಹೂ ಕಟ್ಟುವುದು ಉತ್ತಮ. ಹಳೆಯ ಹಾಡು, ಹಳೆಯ ಕೈಚಳಕ ಬಹಳ ಕಾಲ ಕೈಬಿಡುವುದಿಲ್ಲ.

ಸಮುಚ್ಚಯದೊಳಗೇ ದಬ್ಬಾಳಿಕೆ, ನಿರ್ಲಕ್ಷ್ಯ ಕಂಡರೆ ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567 ಇದೆ, ಬೆಂಗಳೂರಿನಲ್ಲಿ 1090 ಕೂಡ ಇದೆ.

ಇನ್ನೊಂದು, ಯಾವ ಜಾಹೀರಾತಿನಲ್ಲೂ ಬರದ ವಿಷಯ: ಈ ವಯಸ್ಸಿನಲ್ಲಿ ಕಟ್ಟಿದ ಸ್ನೇಹ ಸಾವಿನಿಂದ ಕಡಿಯುವುದು ಹೆಚ್ಚು. ಕೆಲವು ಕಡೆ ಹಿರಿಯರಿಗೆ ನೋವಾಗದಿರಲಿ ಎಂದು ಹಿಂಬಾಗಿಲಿನಿಂದ ದೇಹ ಸಾಗಿಸಿ, ಹೆಸರನ್ನೂ ಎತ್ತದೆ ಮೇಜಿನ ಕುರ್ಚಿ ತೆಗೆದುಬಿಡುತ್ತಾರೆ. ಉಳಿದವರಿಗೆ ಇದರಿಂದ ತಿಳಿಯುವುದು, ನಾಳೆ ತಾವು ಹೋದರೂ ಹೀಗೆಯೇ ಎಂದು. ಸಂಜೆ ಎಲ್ಲರೂ ಸೇರಿ, ಒಂದು ದೀಪ ಹಚ್ಚಿ, ಹೋದವರ ಬಗ್ಗೆ ನಾಲ್ಕು ಮಾತಾಡಲು ಜಾಗ ಮಾಡಿಕೊಡಲು ಕೇಳಿ. ಅದೇ ಮೇಜಿನವರನ್ನು ಮುಂದಿನ ಎರಡು ವಾರ ಊಟಕ್ಕೆ ಯಾರಾದರೂ ಕರೆಯುತ್ತಿರಲಿ. ಕುರ್ಚಿ ಕೆಲವು ದಿನ ಹಾಗೇ ಇರಲಿ. ಆಮೇಲೆ ಹೊಸದಾಗಿ ಬಂದವರೊಬ್ಬರನ್ನು ಅಲ್ಲಿ ಕೂರಿಸಿ, ಮೇಜಿನವರನ್ನು ಮೊದಲು ಒಂದು ಮಾತು ಕೇಳಿ.